ಚೆಂಡಿನ ಪುಟಿತಕ್ಕೊಂದು ಅಂಕಿ

ನೆಲಕ್ಕೆ ಬಿದ್ದ ಚೆಂಡು ಪುಟಿಯುವುದು ಮಕ್ಕಳಿಗೂ ಗೊತ್ತು. ಅದು ಎಷ್ಟು ಪುಟಿಯುವುದೆಂದು ಅಂಕಿಯಲ್ಲಿ ಹೇಳುವುದಕ್ಕೆ ಮಾತ್ರ ವಿದ್ವಾಂಸರಿಗೆ ಬಹುಕಾಲ ಹಿಡಿಯಿತು.

1644ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟ್ ವಸ್ತುಗಳ ಡಿಕ್ಕಿಗೆ ಏಳು ನಿಯಮಗಳನ್ನು ಬರೆದಿಟ್ಟನು. ದೊಡ್ಡ ವಸ್ತು ನಿಂತಿದ್ದರೆ, ಚಿಕ್ಕದು ಎಷ್ಟು ವೇಗದಿಂದ ಬಂದು ಬಡಿದರೂ ಅದು ಅಲುಗದು ಎಂಬುದು ಅವುಗಳಲ್ಲೊಂದು. ಗೋಲಿಯಾಡುವ ಹುಡುಗನೂ ಒಪ್ಪದ ಮಾತು! 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ವಾಲಿಸ್, ರೆನ್, ಹೈಗನ್ಸ್ ಮೂವರೂ ಉತ್ತರ ಕಳುಹಿಸಿದರು. 1669ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಮೊದಲು ಅಚ್ಚಾದವು ಇಂಗ್ಲೆಂಡಿನವರಿಬ್ಬರವು ಮಾತ್ರ. ಹೈಗನ್ಸ್ ಮುನಿದು, ತನ್ನ ನಿಯಮಗಳನ್ನು ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಪ್ರಕಟಿಸಿದನು. ವಾಲಿಸನ ವಸ್ತುಗಳು ಪುಟಿಯದೆ ಒಟ್ಟಿಗೆ ಸಾಗುವಂಥವು. ಉಳಿದಿಬ್ಬರವು ಪೂರ್ತಿ ಪುಟಿಯುವಂಥವು. ನಮ್ಮ ಸುತ್ತಲಿನ ವಸ್ತುಗಳಾದರೋ ಈ ಎರಡರ ನಡುವಣವು.

ಆ ನಡುವಣ ಎಡೆಯನ್ನು ಅಳೆದವನು ನ್ಯೂಟನ್. 10 ಅಡಿ ಉದ್ದದ ಲೋಲಕಗಳಲ್ಲಿ ಉಂಡೆಗಳನ್ನು ತೂಗಿಬಿಟ್ಟು, ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿದು, ಒಂದಕ್ಕೊಂದು ತಾಗಿಸಿದನು. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು 9 ಪಾಲು ವೇಗದಿಂದ ಕೂಡಿದರೆ 5 ಪಾಲಿನಿಂದ ಅಗಲಿದವು. ಗಾಜಿನವು 16ಕ್ಕೆ 15. ಇದು 1687ರ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿದೆ. ಅಗಲುವ ವೇಗವನ್ನು ಕೂಡುವ ವೇಗದಿಂದ ಭಾಗಿಸಿದಾಗ ಬರುವುದೇ ಪುಟಿತದ ಗುಣಾಂಕ. ಹಸಿ ಜೇಡಿಯ ಉಂಡೆಗೆ ಅದು ಸೊನ್ನೆಯ ಹತ್ತಿರ. ಪೂರ್ಣ ಪುಟಿತಕ್ಕೆ 1. ಸಾಮಾನ್ಯ ಟೆನಿಸ್ ಚೆಂಡು 254 ಸೆಂ.ಮೀ. ಎತ್ತರದಿಂದ ಬಿದ್ದು 135ರಿಂದ 147 ಸೆಂ.ಮೀ. ಏಳಬೇಕೆಂಬುದು ಆಟದ ಕಟ್ಟಳೆ. ಎತ್ತರಗಳನ್ನು ಭಾಗಿಸಿ ವರ್ಗಮೂಲ ತೆಗೆದರೆ ಗುಣಾಂಕ 0.73ರಿಂದ 0.76.

ಇಂದು ಕಂಪ್ಯೂಟರ್ ಆಟಗಳಲ್ಲಿ ತೆರೆಯ ಮೇಲಿನ ಚೆಂಡು ಪುಟಿಯುವುದೂ ಇದೇ ಅಂಕಿಯಿಂದ. ಆಟ ಕಟ್ಟುವವರು ಒಂದೊಂದು ವಸ್ತುವಿಗೂ ಒಂದೊಂದು ಅಂಕಿ ಕೊಡುತ್ತಾರೆ. ಆದರೆ ಡಿಕ್ಕಿಗೆ ಎರಡು ವಸ್ತು ಬೇಕಷ್ಟೆ? ನೆಲದ್ದೊಂದು, ಚೆಂಡಿನದೊಂದು; ಯಾವುದನ್ನು ಹಿಡಿಯುವುದು? ಎರಿನ್ ಕ್ಯಾಟೊ 2007ರಲ್ಲಿ ಹೊರತಂದ ಬಾಕ್ಸ್ ಟು ಡಿ ಎಂಬ ಏರ್ಪಾಡು, ಬೇರೆ ಹೇಳದಿದ್ದರೆ, ದೊಡ್ಡದನ್ನು ಹಿಡಿಯುತ್ತದೆ. ಯೂನಿಟಿಯ ಮೂರು ಆಯಾಮದ ಆಟಗಳಲ್ಲಿ ಸರಾಸರಿ. ತೀರ ಮೆಲ್ಲನೆಯ ಡಿಕ್ಕಿಯಲ್ಲಿ ಬಾಕ್ಸ್ ಟು ಡಿ ಪುಟಿತವನ್ನೇ ಬಿಟ್ಟುಬಿಡುತ್ತದೆ. ಇಲ್ಲವಾದರೆ ಒಂದರ ಮೇಲೊಂದಿಟ್ಟ ಪೆಟ್ಟಿಗೆಗಳು ನಿಲ್ಲದೆ ನಡುಗುತ್ತಿರುತ್ತವೆ.

ಇವೆಲ್ಲ ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದಗಳು. ನ್ಯೂಟನ್ ಅಳೆದದ್ದು ಒಂಟಿ ಉಂಡೆಯನ್ನಲ್ಲ, ಜೋಡಿಯನ್ನು. ವೇಗ ಹೆಚ್ಚಿದಂತೆ ಗುಣಾಂಕ ತಗ್ಗುವುದೆಂದು ಮುಂದಿನವರ ಅಳತೆಗಳು ತೋರಿಸಿದವು. ಸಂದೇಹವಿದ್ದರೆ ಮನೆಯಲ್ಲೇ ಒಂದು ರಬ್ಬರ್ ಚೆಂಡನ್ನು ಗಾರೆಯ ನೆಲದ ಮೇಲೂ ಹಾಸಿಗೆಯ ಮೇಲೂ ಬಿಟ್ಟು ನೋಡಿ. ಚೆಂಡು ಅದೇ, ಅಂಕಿ ಬೇರೆ.