ಮಲ್ಲವಿದ್ಯೆಯ ಹಳೆಯ ಪಾಠ

ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದನ್ನು ವಾಚಕರು ಬಲ್ಲರು. ತಲೆ ಬೋಳಿಸಿ, ಕೈಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಮಲ್ಲರು ಎದುರಾಗುವರು. ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಬಿದ್ದೊಡನೆ ಕಾಳಗವು ಮುಗಿಯುವುದು. ಅನೇಕ ವೇಳೆ ನೋಡುವವರಿಗೆ ಉಸಿರು ಬಿಡುವಷ್ಟು ಹೊತ್ತೂ ಸಿಕ್ಕುವುದಿಲ್ಲ. ಹಾಗಾದರೆ ವರ್ಷಕ್ಕೊಮ್ಮೆ ಕಾಣುವ ಈ ಕ್ಷಣವೇ ಆ ವಿದ್ಯೆಯ ಸರ್ವಸ್ವವೆ?

ಅಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸನು, ಮಹಾನವಮಿಯ ಮಲ್ಲಯುದ್ಧದಲ್ಲಿ ಹಲ್ಲು ಮುರಿದು ಮುಖ ಕೆಡುವಂತಹ ಹೊಡೆತಗಳಿದ್ದುದನ್ನು ಬರೆದಿರುವನು. ಮುಂದೆ ನ್ಯೂನಿಜನು ಮಲ್ಲರು ಕೈಯಲ್ಲಿ ಹಿಡಿದ ಮೊನೆಯುಳ್ಳ ಬಳೆಗಳನ್ನು ಹೇಳಿರುವನು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿಯ ಉತ್ಸವವು ವಿಜಯನಗರದ ಆ ಪರಂಪರೆಯನ್ನೇ ಮುಂದುವರಿಸಿತು.

ಆದರೆ ಕಾಳಗಕ್ಕಿಂತ ಹಿರಿದಾದುದು ಅದರ ಹಿಂದಿನ ಶಿಕ್ಷಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ವೆಂಬ ಪ್ರಕರಣವುಂಟು. ಅಲ್ಲಿ ಮಲ್ಲರನ್ನು ಬಲವನ್ನೂ ವಯಸ್ಸನ್ನೂ ನೋಡಿ ವಿಂಗಡಿಸಿದೆ. ಉತ್ತಮನಿಗೆ ಜ್ಯೇಷ್ಠಿಕನೆಂಬ ಹೆಸರು. ಮೈಗೆ ಸಾಕಷ್ಟು ಆಹಾರ, ಭಾರವೆತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬವನ್ನು ಹಿಡಿದು ಮಾಡುವ ಶ್ರಮ, ಇವೆಲ್ಲವನ್ನೂ ಕ್ರಮವಾಗಿ ಹೇಳಿದೆ. ಹೊಡೆತವು ಕೊನೆಯ ಫಲ, ಬೇರೆಲ್ಲವೂ ಬೇರು. ಗುಜರಾತಿನ ಜ್ಯೇಷ್ಠಿಮಲ್ಲರ ‘ಮಲ್ಲಪುರಾಣ’ವೂ ಇಂತಹದೇ ಗ್ರಂಥ, ಅದು 1964ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. ಆ ಮಲ್ಲರ ಕುಲದೇವತೆಯಾದ ನಿಂಬಜಾದೇವಿಯನ್ನೇ ನಮ್ಮ ಜೆಟ್ಟಿಗಳೂ ಪೂಜಿಸುವರು.

ಹಳೆಯ ಪಾಠವನ್ನು ಹೊಸ ಕಾಲಕ್ಕೆ ಒಗ್ಗಿಸಿಕೊಂಡ ವಿದ್ಯೆ ಹೇಗೆ ಬಾಳಿತೆಂಬುದಕ್ಕೆ ಮಲ್ಲಕಂಬವೇ ನಿದರ್ಶನ. ಸೋಮೇಶ್ವರನು ಹೇಳಿದ ಸ್ತಂಭಶ್ರಮವು ಜಟ್ಟಿಯ ತೋಳು ತೊಡೆಗಳನ್ನು ಬಲಿಸುವ ಸಾಧನ ಮಾತ್ರವಾಗಿತ್ತು. ಎರಡನೆಯ ಬಾಜೀರಾಯ ಪೇಶ್ವೆಯ ಆಸ್ಥಾನದಲ್ಲಿ ಬಾಳಂಭಟ್ಟ ದಾದಾ ದೇವಧರರು ಅದಕ್ಕೆ ಹೊಸ ಪಟ್ಟುಗಳನ್ನೂ ಕ್ರಮವನ್ನೂ ಕೊಟ್ಟು ಶಿಷ್ಯರಿಗೆ ಕಲಿಸಿದರು. ಪೇಶ್ವೆಯ ಅಧಿಕಾರ 1818ರಲ್ಲಿ ಅಳಿಯಿತು, ವಿದ್ಯೆ ಅಳಿಯಲಿಲ್ಲ. ಅದು ಆಸ್ಥಾನವನ್ನು ಬಿಟ್ಟು ಗರಡಿಗೂ, ಗರಡಿಯಿಂದ ಶಾಲೆಗೂ ಹೋಯಿತು. ಇಂದು ಬಾಲಕ ಬಾಲಕಿಯರಿಬ್ಬರೂ ಅದನ್ನು ಕಲಿಯುವರು.

ವಜ್ರಮುಷ್ಟಿಗೆ ಈ ಭಾಗ್ಯ ಒದಗಲಿಲ್ಲ. ಅದು ಒಂದು ಕುಲದ ಕೈಯಲ್ಲಿ, ಒಂದು ಅರಮನೆಯ ಆಶ್ರಯದಲ್ಲಿ ಉಳಿಯಿತು. ಅರಸೊತ್ತಿಗೆ ಹೋಯಿತು, 1971ರಲ್ಲಿ ರಾಜಧನವೂ ನಿಂತಿತು. ಆದರೂ ಜೆಟ್ಟಿಗಳು ವ್ರತವನ್ನು ಬಿಡಲಿಲ್ಲ. ಈ ನಿಷ್ಠೆಗೆ ನಾವು ತಲೆಬಾಗತಕ್ಕದ್ದು. ಆದರೆ ನಿಷ್ಠೆಯೊಂದರಿಂದಲೇ ವಿದ್ಯೆ ಬೆಳೆಯಲಾರದು. ವರ್ಷಕ್ಕೊಂದು ಕಾಳಗಕ್ಕಾಗಿ ಎಷ್ಟು ಮನೆಗಳ ಮಕ್ಕಳು ಮಟ್ಟಿಗೆ ಇಳಿದಾರು?

ರಕ್ತವಿಲ್ಲದೆ ವಜ್ರಮುಷ್ಟಿಯೇ ಇಲ್ಲವೆಂದು ಕೆಲವರು ಹೇಳಬಹುದು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ; ಜೆಟ್ಟಿಗೆ ಆ ಹನಿಯು ದೇವಿಗೆ ಸಲ್ಲುವ ಕಾಣಿಕೆ. ಆದುದರಿಂದ ಆ ಕಾಳಗವು ವ್ರತವಾಗಿಯೇ ಇರಲಿ. ಆದರೆ ಅದನ್ನು ಹೊತ್ತು ನಿಂತಿರುವ ಪಟ್ಟು, ಹೆಜ್ಜೆ, ಶ್ರಮ, ಪಥ್ಯ, ಮುರಿದ ಮೂಳೆಯನ್ನು ಕೂಡಿಸುವ ಜೆಟ್ಟಿಗಳ ಪ್ರಸಿದ್ಧವಾದ ಕೈಗುಣ, ಇವುಗಳಿಗೆ ರಕ್ತ ಬೇಕಿಲ್ಲ. ಬಲ್ಲ ಹಿರಿಯರ ಬಾಯಿಂದ ಇವನ್ನು ಬರೆದಿಟ್ಟು, ‘ಮಲ್ಲವಿನೋದ’ದೊಡನೆ ಹೋಲಿಸಿ, ಮೊನೆಯಿಲ್ಲದ ಮುಷ್ಟಿಯಿಂದ ಎಲ್ಲ ಕುಲದ ತರುಣರಿಗೂ ಕಲಿಸಬಾರದೆ? ಕಲಿಸುವ ಗೌರವವೂ ಸಂಭಾವನೆಯೂ ಜೆಟ್ಟಿಗಳಿಗೇ ಸಲ್ಲಲಿ.

ಸೋಮೇಶ್ವರನ ರಾಜ್ಯ ಉಳಿಯಲಿಲ್ಲ. ಅವನು ಬರೆಯಿಸಿಟ್ಟ ಪಾಠ ಉಳಿಯಿತು. ಆ ಪಾಠವನ್ನು ಕೈಕಾಲುಗಳಲ್ಲಿ ಹೊತ್ತವರು ಇನ್ನೂ ನಮ್ಮ ನಡುವೆ ಇರುವರು. ಅವರಿರುವಾಗಲೇ ಕೇಳಿ ಕಲಿಯುವುದು ಲೇಸು.