ಹವಾಮಾನ ವೀಕ್ಷಣಾ ಜಾಲಗಳ ಸಮನ್ವಯ

ನೆಲ, ಕಡಲು, ವಾಯುಮಂಡಲ, ಬಾಹ್ಯಾಕಾಶಗಳಲ್ಲಿ ನಡೆಯುವ ಹವಾಮಾನದ ಅಳತೆಗಳನ್ನು ಗೊತ್ತುಪಡಿಸಿದ ವೇಳೆಗೆ, ಒಂದೇ ವಿಧಾನದಲ್ಲಿ ತೆಗೆದು, ಎಲ್ಲರಿಗೂ ಅರ್ಥವಾಗುವ ಸಂಕೇತದಲ್ಲಿ ಹಂಚಿಕೊಳ್ಳಲು ದೇಶಗಳು ಮಾಡಿಕೊಂಡಿರುವ ಏರ್ಪಾಡು. ಇದು ರಾಷ್ಟ್ರ, ಪ್ರದೇಶ, ಜಗತ್ತು ಎಂಬ ಮೂರು ಹಂತಗಳಲ್ಲಿ ನಡೆಯುತ್ತದೆ. ಇದರ ಹೊಣೆ ಹೊತ್ತಿರುವುದು ಜಿನೀವಾದಲ್ಲಿ ಕೇಂದ್ರ ಕಚೇರಿಯಿರುವ, 193 ಸದಸ್ಯರಿರುವ ವಿಶ್ವ ಹವಾಮಾನ ಸಂಸ್ಥೆ. 2020ರಿಂದ ಈ ಏರ್ಪಾಡು ‘ವಿಗೋಸ್’ ಎಂಬ ಸಮಗ್ರ ಜಾಗತಿಕ ವೀಕ್ಷಣಾ ವ್ಯವಸ್ಥೆಯ ಹೆಸರಿನಲ್ಲಿ ಪೂರ್ಣ ಪ್ರಮಾಣದಲ್ಲಿ ಜಾರಿಯಲ್ಲಿದೆ.

ಯಾವ ದೇಶವೂ ತನ್ನ ಗಡಿಯೊಳಗಿನ ಅಳತೆಗಳನ್ನಷ್ಟೇ ನೆಚ್ಚಿ ಮುನ್ಸೂಚನೆ ಕೊಡಲಾರದು. ಕರ್ನಾಟಕಕ್ಕೆ ಮಳೆ ತರುವ ಮುಂಗಾರಿನ ಗಾಳಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಲಗೊಂಡು, ಪೂರ್ವ ಆಫ್ರಿಕದ ಕರಾವಳಿಯಲ್ಲಿ ತಿರುಗಿ, ಅರಬ್ಬೀ ಸಮುದ್ರ ದಾಟಿ ಬರುತ್ತದೆ. ಮಂಗಳೂರಿನಲ್ಲಿ ಎಷ್ಟೇ ಒಳ್ಳೆಯ ಉಪಕರಣಗಳಿದ್ದರೂ ಅವು ಹೇಳುವುದು ಬಂದು ಮುಟ್ಟಿದ ಗಾಳಿಯ ಕಥೆಯನ್ನು. ನಾಲ್ಕು ದಿನದಾಚೆಯ ಮಳೆಯನ್ನು ಹೇಳಬೇಕಾದರೆ ಸೊಮಾಲಿಯಾದ ಕಡೆಯ ಗಾಳಿ ಈಗ ಹೇಗಿದೆ ಎಂಬುದು ತಿಳಿದಿರಬೇಕು. ಅಲ್ಲಿ ಅಳೆಯುವವರಿಲ್ಲದಿದ್ದರೆ ನಷ್ಟ ಇಲ್ಲಿಯ ರೈತನದೂ ಹೌದು.

ಇತಿಹಾಸ

ಒಂದೇ ಬಗೆಯ ಉಪಕರಣ, ಒಂದೇ ವೇಳೆ ಎಂಬ ಶಿಸ್ತನ್ನು ಹಲವು ದೇಶಗಳಲ್ಲಿ ಮೊದಲಿಗೆ ಪಾಲಿಸಿದವುಗಳಲ್ಲಿ ಒಂದು 1780ರಲ್ಲಿ ಜರ್ಮನಿಯ ಮನ್‌ಹೈಮ್ ನಗರದಲ್ಲಿ ಸ್ಥಾಪನೆಯಾದ ಹವಾಮಾನ ಸಂಘ. ಅಲ್ಲಿನ ದೊರೆ ಕಾರ್ಲ್ ಥಿಯೊಡೋರ್‌ನ ಆಶ್ರಯದಲ್ಲಿ ನಡೆದ ಈ ಸಂಘ ಪರಸ್ಪರ ತಾಳೆ ನೋಡಿದ ಉಪಕರಣಗಳನ್ನು 39 ಕಡೆಗಳಿಗೆ ಉಚಿತವಾಗಿ ಕಳಿಸಿತು. ಗ್ರೀನ್‌ಲ್ಯಾಂಡಿನಿಂದ ಉರಲ್ ಪರ್ವತದವರೆಗೆ ವೀಕ್ಷಕರು ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 9 ಗಂಟೆಗೆ ಅಳತೆ ಬರೆದಿಡುತ್ತಿದ್ದರು. ಯುರೋಪಿನ ಯುದ್ಧಗಳ ನಡುವೆ 1790ರ ದಶಕದಲ್ಲಿ ಸಂಘ ಮುಚ್ಚಿಹೋಯಿತು. ಅಲ್ಲಿನ ದಾಖಲೆಗಳನ್ನು ಹವಾಗುಣದ ಇತಿಹಾಸಕಾರರು ಇಂದಿಗೂ ಬಳಸುತ್ತಾರೆ.

1853ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿಯ ಪ್ರಯತ್ನದಿಂದ ಬ್ರಸೆಲ್ಸ್‌ನಲ್ಲಿ ಸೇರಿದ ಸಮ್ಮೇಳನ ಹಡಗುಗಳು ಹವಾಮಾನ ಬರೆದಿಡುವ ಕ್ರಮವನ್ನು ಏಕರೂಪಗೊಳಿಸಿತು. ಮರುವರ್ಷ, 1854ರ ನವೆಂಬರ್ 14ರಂದು, ಕ್ರಿಮಿಯಾ ಯುದ್ಧದಲ್ಲಿದ್ದ ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ಕಪ್ಪು ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ನುಚ್ಚುನೂರಾದವು. ಖಗೋಳವಿಜ್ಞಾನಿ ಲೆವೆರ್ಯೇ ಯುರೋಪಿನ ವೀಕ್ಷಕರಿಂದ ಆ ದಿನಗಳ ಅಳತೆಗಳನ್ನು ತರಿಸಿ ನೋಡಿದ. ಬಿರುಗಾಳಿ ಖಂಡವನ್ನು ಅಡ್ಡಹಾಯ್ದು ಬಂದದ್ದು ಸ್ಪಷ್ಟವಾಯಿತು. ಅದರ ದಾರಿಯ ಊರುಗಳಲ್ಲಿ ಅಳತೆಗಳಿದ್ದವು, ಟೆಲಿಗ್ರಾಫ್ ತಂತಿಯೂ ಇತ್ತು. ಎರಡನ್ನೂ ಕೂಡಿಸಿ ಎಚ್ಚರಿಕೆ ಕೊಡುವವರು ಇರಲಿಲ್ಲ. ಫ್ರಾನ್ಸಿನ ತಂತಿ ಹವಾಮಾನ ಜಾಲ ಹುಟ್ಟಿದ್ದು ಈ ಪಾಠದಿಂದ.

1873ರ ವಿಯೆನ್ನಾ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಹವಾಮಾನ ಸಂಘಟನೆ ರೂಪುಗೊಂಡಿತು. ಅದು ಸರ್ಕಾರಗಳ ಒಪ್ಪಂದವಾಗಿರದೆ ಆಯಾ ದೇಶದ ಹವಾಮಾನ ಇಲಾಖೆಗಳ ಮುಖ್ಯಸ್ಥರ ಕೂಟವಾಗಿತ್ತು. ಅದರ ನಿರ್ಣಯಗಳಿಗೆ ಕಾನೂನಿನ ಬಲವಿರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಹವಾಮಾನದ ವರದಿಗಳೆಲ್ಲ ಸೈನಿಕ ರಹಸ್ಯಗಳಾದವು. ಅಟ್ಲಾಂಟಿಕ್‌ನ ಹವೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ಜರ್ಮನಿಗೆ ತೀರ ಬೇಕಾಗಿದ್ದ ಪಶ್ಚಿಮದ ಅಳತೆಗಳೇ ಸಿಗದಂತಾದವು. 1943ರ ಅಕ್ಟೋಬರ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಉತ್ತರ ಅಮೆರಿಕದ ಲ್ಯಾಬ್ರಡಾರ್ ತೀರಕ್ಕೆ ಕದ್ದು ಹೋಗಿ ಸ್ವಯಂಚಾಲಿತ ಹವಾಮಾನ ಕೇಂದ್ರವೊಂದನ್ನು ನೆಟ್ಟು ಬಂತು. ಅದು ಏನೆಂಬುದು ಗುರುತಾದದ್ದು 1981ರಲ್ಲಿ. ಶಾಂತಿಕಾಲದಲ್ಲಿ ಒಂದು ತಂತಿ ಸಂದೇಶದಲ್ಲಿ ಸಿಗುತ್ತಿದ್ದ ಅಂಕಿಗಳಿಗಾಗಿ ಹಡಗು ಮತ್ತು ಜೀವಗಳನ್ನು ಪಣಕ್ಕಿಡಬೇಕಾಗಿ ಬಂದಿತ್ತು.

ಯುದ್ಧದ ನಂತರ, 1947ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾದ ಒಪ್ಪಂದ 1950ರ ಮಾರ್ಚ್ 23ರಂದು ಜಾರಿಗೆ ಬಂದು ವಿಶ್ವ ಹವಾಮಾನ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಆ ದಿನವನ್ನೇ ವಿಶ್ವ ಹವಾಮಾನ ದಿನವಾಗಿ ಆಚರಿಸುತ್ತಾರೆ. ಉಪಗ್ರಹಗಳ ಕಾಲ ಆರಂಭವಾದಾಗ, ಶೀತಲ ಸಮರದ ಉಗ್ರ ದಿನಗಳಲ್ಲೇ, ಅಮೆರಿಕದ ಹ್ಯಾರಿ ವೆಕ್ಸ್ಲರ್ ಮತ್ತು ಸೋವಿಯತ್ ಒಕ್ಕೂಟದ ವಿಕ್ಟರ್ ಬುಗಾಯೆವ್ ಒಟ್ಟಿಗೆ ಕೂತು ಜಾಗತಿಕ ಜಾಲದ ರೂಪುರೇಷೆ ಬರೆದರು. ಅದರ ಫಲವಾಗಿ 1963ರಲ್ಲಿ ‘ವಿಶ್ವ ಹವಾಮಾನ ಕಾವಲು’ ಯೋಜನೆ ಆರಂಭವಾಯಿತು. ವಾಷಿಂಗ್ಟನ್, ಮಾಸ್ಕೋ, ಮೆಲ್ಬರ್ನ್ ಮೂರೂ ಅದರ ವಿಶ್ವ ಕೇಂದ್ರಗಳಾದವು. ಅಂತರರಾಷ್ಟ್ರೀಯ ಸಹಕಾರದ ಇತಿಹಾಸದಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಒಂದು ಅಳತೆಯ ಪಯಣ

ಮುಖ್ಯ ವೀಕ್ಷಣೆಯ ವೇಳೆಗಳು ಗ್ರೀನಿಚ್ ಲೆಕ್ಕದಲ್ಲಿ 0, 6, 12 ಮತ್ತು 18 ಗಂಟೆ. ಭಾರತದಲ್ಲಿ ಇವು ಬೆಳಗಿನ 5.30, 11.30, ಸಂಜೆ 5.30 ಮತ್ತು ರಾತ್ರಿ 11.30. ದಿನದ ಮಳೆಯನ್ನು ಲೆಕ್ಕ ಹಾಕುವ ಬೆಳಗಿನ 8.30 ನಡುವಣ ವೇಳೆಗಳಲ್ಲಿ ಒಂದು. ರೇಡಿಯೋಸಾಂಡ್ ಬಲೂನುಗಳನ್ನು ದಿನಕ್ಕೆರಡು ಬಾರಿ, ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಹಾರಿಬಿಡುತ್ತಾರೆ. ಅವು ಸುಮಾರು 30 ಕಿ.ಮೀ. ಮೇಲೇರಿ ಒಡೆಯುವವರೆಗೂ ಉಷ್ಣಾಂಶ, ತೇವಾಂಶ, ಗಾಳಿಯ ವಿವರಗಳನ್ನು ಕಳಿಸುತ್ತವೆ.

ಪ್ರತಿ ನಿಲ್ದಾಣಕ್ಕೂ ಒಂದು ಜಾಗತಿಕ ಸಂಖ್ಯೆಯಿದೆ. ಬೆಂಗಳೂರು ನಗರ ವೀಕ್ಷಣಾಲಯದ ಹಳೆಯ ಐದಂಕಿಯ ಸಂಖ್ಯೆ 43295. ವಿಗೋಸ್ ಪದ್ಧತಿಯಲ್ಲಿ ಅದು 0-20000-0-43295 ಎಂದಾಗುತ್ತದೆ. ಈ ಸಂಖ್ಯೆಯ ಜೊತೆಗೆ ‘ಆಸ್ಕರ್’ ಎಂಬ ದಾಖಲೆಕೋಶದಲ್ಲಿ ನಿಲ್ದಾಣದ ಅಕ್ಷಾಂಶ, ರೇಖಾಂಶ, ಎತ್ತರ, ಉಪಕರಣಗಳ ವಿವರ ನಮೂದಾಗಿರುತ್ತದೆ. ಇವು ಒಣ ಕಾಗದಪತ್ರದ ಕೆಲಸವೆಂದು ತೋರಬಹುದು. ಆದರೆ ಇಡೀ ಸಮನ್ವಯ ನಿಂತಿರುವುದೇ ಇದರ ಮೇಲೆ. ವಾಯುಭಾರವನ್ನೇ ತೆಗೆದುಕೊಳ್ಳಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿನ ಮಾಪಕ ತೋರಿಸುವುದು 910 ಹೆಕ್ಟಾಪಾಸ್ಕಲ್‌ನ ಆಸುಪಾಸು. ಚೆನ್ನೈಯ ಅಂಕಿಯೊಡನೆ ಹೋಲಿಸಲು ಅದನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಬೇಕು. ದಾಖಲೆಯಲ್ಲಿ ಎತ್ತರ ಒಂಬತ್ತು ಮೀಟರ್ ತಪ್ಪಾಗಿದ್ದರೆ ಫಲಿತಾಂಶದಲ್ಲಿ ಸುಮಾರು ಒಂದು ಹೆಕ್ಟಾಪಾಸ್ಕಲ್ ತಪ್ಪು ಬರುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವನ್ನು ಗುರುತಿಸುವುದೇ ಕೆಲವು ಹೆಕ್ಟಾಪಾಸ್ಕಲ್‌ಗಳ ಅಂತರದಿಂದ. ಹಾಗಾಗಿ ಮಾಪಕ ಸರಿಯಿದ್ದು ನಮೂದು ತಪ್ಪಿದ್ದರೂ ಆ ನಿಲ್ದಾಣದ ವಾಯುಭಾರ ಕೆಲಸಕ್ಕೆ ಬಾರದು.

ಇಂಥ ತಪ್ಪುಗಳನ್ನು ಹಿಡಿಯಲು ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಹಾಗೂ ಅಮೆರಿಕ, ಜಪಾನ್, ಜರ್ಮನಿಯ ಕೇಂದ್ರಗಳು ಬಂದ ಪ್ರತಿ ಅಳತೆಯನ್ನೂ ತಮ್ಮ ಗಣಕ ಮಾದರಿಯ ಅಂದಾಜಿನೊಡನೆ ತಾಳೆ ನೋಡುತ್ತವೆ. ದಿನವೂ ಒಂದೇ ಕಡೆಗೆ ವಾಲುವ ನಿಲ್ದಾಣ ಬೇಗ ಕಣ್ಣಿಗೆ ಬೀಳುತ್ತದೆ. ಆಗ ಪ್ರಾದೇಶಿಕ ವಿಗೋಸ್ ಕೇಂದ್ರ ಆಯಾ ದೇಶದ ಇಲಾಖೆಗೆ ತಿಳಿಸಿ, ಸರಿಯಾಗುವವರೆಗೆ ಬೆನ್ನು ಹತ್ತಬೇಕು. ಏಷ್ಯಾದಲ್ಲಿ ಬೀಜಿಂಗ್ ಮತ್ತು ಟೋಕಿಯೊಗಳಲ್ಲಿ ಇಂಥ ಕೇಂದ್ರಗಳಿವೆ.

ಪ್ರಾದೇಶಿಕ ಹಂತ

ಸಂಸ್ಥೆಯ ಸದಸ್ಯರು ಆರು ಪ್ರಾದೇಶಿಕ ಸಂಘಗಳಲ್ಲಿ ಹಂಚಿಹೋಗಿದ್ದಾರೆ. ಭಾರತ ಏಷ್ಯಾದ ಎರಡನೆಯ ಸಂಘದಲ್ಲಿದೆ. ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ 1970ರ ಭೋಲಾ ಚಂಡಮಾರುತದ ನಂತರ, 1972ರಲ್ಲಿ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ದೇಶಗಳಿಗಾಗಿ ಚಂಡಮಾರುತ ಸಮಿತಿಯೊಂದು ರಚನೆಯಾಯಿತು. ಈಗ ಅದರಲ್ಲಿ 13 ದೇಶಗಳಿವೆ. ಭಾರತ ಮತ್ತು ಪಾಕಿಸ್ತಾನ, ಇರಾನ್ ಮತ್ತು ಸೌದಿ ಅರೇಬಿಯಾ ಒಂದೇ ಮೇಜಿನಲ್ಲಿ ಕೂರುವ ಸಮಿತಿಯಿದು. ದೆಹಲಿಯ ವಿಶೇಷ ಕೇಂದ್ರ ಎಲ್ಲರಿಗೂ ಚಂಡಮಾರುತದ ಸೂಚನೆ ಕಳಿಸುತ್ತದೆ. ಚಂಡಮಾರುತಗಳಿಗೆ ಹೆಸರಿಡುವ ಕ್ರಮ ಇಲ್ಲಿ 2004ರಲ್ಲಿ ಆರಂಭವಾಯಿತು. 2020ರ ಪಟ್ಟಿಯಲ್ಲಿ ದೇಶಕ್ಕೆ 13ರಂತೆ 169 ಹೆಸರುಗಳಿವೆ. ಪತ್ರಿಕೆಗಳಿಗೆ ಹೆಸರೇ ಸುದ್ದಿಯಾದರೂ ಸಮಿತಿಯ ನಿಜವಾದ ಸಾಧನೆ ಅಳತೆಗಳ ವಿನಿಮಯ ನಿಲ್ಲದಂತೆ ನೋಡಿಕೊಂಡದ್ದು.

ಉಪಗ್ರಹಗಳಲ್ಲೂ ಇಂಥ ಹೊಂದಾಣಿಕೆಯಿದೆ. ಯುರೋಪ್ 1998ರಲ್ಲಿ ತನ್ನ ಮೀಟಿಯೋಸ್ಯಾಟ್-5 ಉಪಗ್ರಹವನ್ನು ಸಂಶೋಧನೆಗಾಗಿ ಹಿಂದೂ ಮಹಾಸಾಗರದ ಮೇಲಕ್ಕೆ ಸರಿಸಿತು. ಆ ಕೆಲಸ ಮುಗಿದ ಮೇಲೂ ಒಂದಲ್ಲ ಒಂದು ಉಪಗ್ರಹವನ್ನು ಅಲ್ಲಿ ಉಳಿಸಿಕೊಂಡು ಬಂದಿದೆ. ಭಾರತದ ಇನ್ಸಾಟ್-3ಡಿಆರ್ ಮತ್ತು 2024ರಲ್ಲಿ ಹಾರಿದ ಇನ್ಸಾಟ್-3ಡಿಎಸ್ ಅದೇ ಸಾಗರವನ್ನು ನೋಡುತ್ತಿವೆ.

ರಾಷ್ಟ್ರೀಯ ಹಂತ ಮತ್ತು ಕರ್ನಾಟಕ

1864ರ ಕಲ್ಕತ್ತಾ ಚಂಡಮಾರುತ, 1866 ಮತ್ತು 1871ರ ಮಳೆಯ ವೈಫಲ್ಯಗಳ ನಂತರ ಪ್ರಾಂತವಾರು ಚದುರಿದ್ದ ಕೆಲಸವನ್ನು ಒಂದುಗೂಡಿಸಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸ್ಥಾಪಿಸಲಾಯಿತು. ಹೆನ್ರಿ ಬ್ಲ್ಯಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥ. ಆದರೆ ಈಗಲೂ ಮಳೆ ಅಳೆಯುವವರು ಇಲಾಖೆಯೊಂದೇ ಅಲ್ಲ. ಕೃಷಿ ವಿಶ್ವವಿದ್ಯಾಲಯಗಳು, ಅಣೆಕಟ್ಟುಗಳ ಅಧಿಕಾರಿಗಳು, ಕಂದಾಯ ಇಲಾಖೆ, ಕಾಫಿ ತೋಟಗಳವರು ಎಲ್ಲರೂ ಅಳೆಯುತ್ತಾರೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಆರಂಭವಾದ ಕೋಶವೊಂದು ಇಂದು ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ದೂರಸಂಪರ್ಕದ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟು, 15 ನಿಮಿಷಕ್ಕೊಮ್ಮೆ ಅಂಕಿ ತರಿಸುವ ಇಷ್ಟು ದಟ್ಟವಾದ ಜಾಲ ದೇಶದಲ್ಲಿ ಅಪರೂಪ.

ಇಷ್ಟು ದಟ್ಟ ಜಾಲ ಬೇಕೇ ಎಂಬುದಕ್ಕೆ ರಾಜ್ಯದ ಭೂಗೋಳವೇ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಚಳ್ಳಕೆರೆಗೆ ಅದರ ಹತ್ತರಲ್ಲೊಂದು ಪಾಲೂ ಬರುವುದಿಲ್ಲ. ಎರಡರ ನಡುವಿನ ನೇರ ದೂರ 200 ಕಿ.ಮೀ.ಗಿಂತ ಕಡಿಮೆ. ಜಾಗತಿಕ ಮುನ್ಸೂಚನೆಗೆ ಗರಿಷ್ಠವೆಂದು ನಿಗದಿಯಾಗಿರುವ ನಿಲ್ದಾಣಗಳ ಅಂತರವೂ 200 ಕಿ.ಮೀ.ಯೇ! ಜಾಗತಿಕ ಜಾಲದ ಕಣ್ಣಿಗೆ ಬೀಳದ ಈ ವ್ಯತ್ಯಾಸವನ್ನು ಹಿಡಿಯುವ ಕೆಲಸ ರಾಷ್ಟ್ರ ಮತ್ತು ರಾಜ್ಯದ ಜಾಲಗಳದು. ಆದರೆ ಮಾಪಕಗಳ ಬಗೆ, ನಿಲ್ಲಿಸಿದ ಜಾಗ, ದುರಸ್ತಿಯ ಕ್ರಮ ಬೇರೆ ಬೇರೆಯಾದಾಗ ಒಂದೇ ತಾಲೂಕಿಗೆ ಎರಡು ಮಳೆ ಲೆಕ್ಕ ಬರುವುದುಂಟು. ಬರ ಘೋಷಣೆ, ಬೆಳೆ ವಿಮೆ ಇಂಥ ಅಂಕಿಗಳನ್ನು ಅವಲಂಬಿಸಿದಾಗ ಅದು ಸಣ್ಣ ಮಾತಲ್ಲ. ಇಲಾಖೆಯಾಚೆಯ ಜಾಲಗಳನ್ನೂ ಒಂದೇ ನಿಯಮದಡಿ ತರಬೇಕೆಂದು ವಿಗೋಸ್ ಒತ್ತಾಯಿಸುತ್ತದೆ. ಮೂರು ಹಂತಗಳಲ್ಲಿ ಅತ್ಯಂತ ಕಷ್ಟದ್ದು ಇದೇ: ದೇಶ ದೇಶಗಳ ನಡುವೆ ಒಪ್ಪಂದವಿದೆ, ಒಂದೇ ದೇಶದ ಇಲಾಖೆಗಳ ನಡುವೆ ಹಲವೆಡೆ ಅದೂ ಇಲ್ಲ.

ಇತ್ತೀಚಿನ ಬೆಳವಣಿಗೆಗಳು

ಮಾಹಿತಿಯನ್ನು ಉಚಿತವಾಗಿ ಹಂಚಬೇಕೇ, ಮಾರಬೇಕೇ ಎಂಬ ಜಗಳ 1990ರ ದಶಕದಲ್ಲಿ ಜೋರಾಗಿತ್ತು. ಅಗತ್ಯ ಮಾಹಿತಿಗೆ ಬೆಲೆ ಕಟ್ಟಬಾರದೆಂದು ವಿಶ್ವ ಹವಾಮಾನ ಸಂಸ್ಥೆಯ 1995ರ ನಿರ್ಣಯ ಹೇಳಿತು. 2021ರ ಏಕೀಕೃತ ನೀತಿ ಅದನ್ನು ಸಾಗರ, ಜಲ, ಹಿಮ, ವಾಯು ಗುಣಮಟ್ಟದ ಅಳತೆಗಳಿಗೂ ವಿಸ್ತರಿಸಿತು. 2023ರ ಜನವರಿ 1ರಿಂದ ಜಾಗತಿಕ ಮೂಲ ವೀಕ್ಷಣಾ ಜಾಲ ಜಾರಿಗೆ ಬಂದಿದೆ. ಅದರ ಪ್ರಕಾರ ನೆಲದ ಮೇಲೆ 200 ಕಿ.ಮೀ.ಗೊಂದು ನಿಲ್ದಾಣ ಗಂಟೆಗೊಮ್ಮೆ, 500 ಕಿ.ಮೀ.ಗೊಂದು ಬಲೂನು ಕೇಂದ್ರ ದಿನಕ್ಕೆರಡು ಬಾರಿ ವರದಿ ಕಳಿಸುವುದು ಸದಸ್ಯರ ಕರ್ತವ್ಯ.

ಆಫ್ರಿಕದ ಬಹುಭಾಗ ಮತ್ತು ಪೆಸಿಫಿಕ್ ದ್ವೀಪಗಳು ಈ ಮಟ್ಟದಿಂದ ಬಹಳ ಹಿಂದಿವೆ. ಅಲ್ಲಿ ನಿಲ್ದಾಣ ಕಟ್ಟಿಕೊಡಲು ದಾನಿಗಳು ಮುಂದೆ ಬರುತ್ತಾರೆ. ಬಲೂನು, ವಿದ್ಯುತ್, ವೀಕ್ಷಕರ ಸಂಬಳಕ್ಕೆ ವರ್ಷವರ್ಷವೂ ಹಣ ಕೊಡುವವರು ಕಡಿಮೆ. ಈ ಕೊರತೆ ತುಂಬಲೆಂದೇ 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಮತ್ತು ಪರಿಸರ ಕಾರ್ಯಕ್ರಮಗಳ ಜೊತೆಗೂಡಿ ವಿಶ್ವ ಹವಾಮಾನ ಸಂಸ್ಥೆ ‘ಸಾಫ್’ ಎಂಬ ನಿಧಿಯನ್ನು ಸ್ಥಾಪಿಸಿತು. ಅದು ನಿಲ್ದಾಣ ಕಟ್ಟಲು ಕೊಡುವುದಷ್ಟೇ ಅಲ್ಲ, ಅಳತೆಗಳು ಹಂಚಿಕೆಯಾಗುತ್ತಿದ್ದರೆ ಅದನ್ನು ನಡೆಸುವ ಖರ್ಚಿಗೂ ನೆರವು ನೀಡುತ್ತದೆ. ದೆಹಲಿಯಂಥ ಪ್ರಾದೇಶಿಕ ದೂರಸಂಪರ್ಕ ಕೇಂದ್ರಗಳ ಮೂಲಕ ಹರಿಯುತ್ತಿದ್ದ ಹಳೆಯ ಸಂದೇಶ ಜಾಲದ ಜಾಗಕ್ಕೆ ಈಗ ಇಂಟರ್‌ನೆಟ್ ಆಧಾರಿತ ಹೊಸ ಮಾಹಿತಿ ವ್ಯವಸ್ಥೆ ಬರುತ್ತಿದೆ. ಬದಲಾವಣೆಯ ಈ ವರ್ಷಗಳಲ್ಲಿ ಎರಡೂ ಜೊತೆಜೊತೆಗೆ ನಡೆಯುತ್ತವೆ. ಹೊಸದರಲ್ಲಿ ಅಳತೆ ಕಳಿಸಲು ಪ್ರತ್ಯೇಕ ಬಾಡಿಗೆ ತಂತಿ ಬೇಕಿಲ್ಲ. ಸಾಮಾನ್ಯ ಇಂಟರ್‌ನೆಟ್ ಸಂಪರ್ಕ ಮತ್ತು ಒಂದು ಸಾಧಾರಣ ಸರ್ವರ್ ಸಾಕು.