ದೇವರ ಪ್ರಶ್ನೆ: ಪುರಾವೆಯ ಹೊಣೆ ಯಾರದು?

ದೇವರಿದ್ದಾನೆ ಎನ್ನುವವರು ಆ ಮಾತನ್ನು ತರ್ಕದಿಂದ ಸಮರ್ಥಿಸಬೇಕೇ? ಇಲ್ಲ ಎನ್ನುವವರಿಗೂ, ಗೊತ್ತಿಲ್ಲ ಎನ್ನುವವರಿಗೂ ಆ ಹೊಣೆ ಉಂಟೇ? ಈ ವಾದದ ಬೇರು ಇನ್ನೊಂದು ಪ್ರಶ್ನೆಯಲ್ಲಿದೆ: ಯಾವುದೇ ತಿಳಿವಳಿಕೆಯನ್ನು ನಾವು ನಂಬಬಹುದಾದದ್ದು ಯಾವಾಗ? ಭಾರತದ ದಾರ್ಶನಿಕರು ಇದನ್ನು ಸಾವಿರ ವರ್ಷಕ್ಕೂ ಹಿಂದೆಯೇ ಆಳವಾಗಿ ಚರ್ಚಿಸಿದ್ದರು.

ಮೀಮಾಂಸಕರದು ಸ್ವತಃಪ್ರಾಮಾಣ್ಯದ ನಿಲುವು. ತಪ್ಪೆಂದು ತೋರಿಸುವ ಬಾಧಕ ಎದುರಾಗುವವರೆಗೆ ಜ್ಞಾನ ತನ್ನಷ್ಟಕ್ಕೇ ಪ್ರಮಾಣ. 7ನೇ ಶತಮಾನದ ಕುಮಾರಿಲ ಭಟ್ಟರು ಇದರ ಬಲದಿಂದ ವೇದವನ್ನು ಎತ್ತಿಹಿಡಿದರು, ಆದರೆ ಜಗತ್ಕರ್ತನನ್ನು ಒಪ್ಪಲಿಲ್ಲ. ದೇವರು ಕರುಣೆಯಿಂದ ಸೃಷ್ಟಿಸಿದ ಎನ್ನೋಣವೆಂದರೆ, ಸೃಷ್ಟಿಗೆ ಮೊದಲು ಕರುಣೆಗೆ ಪಾತ್ರರಾಗಬೇಕಾದ ಜೀವಿಗಳಾದರೂ ಎಲ್ಲಿದ್ದರು ಎಂಬುದು ಅವರ ಆಕ್ಷೇಪ.

ನ್ಯಾಯದರ್ಶನದವರಾದ ನೈಯಾಯಿಕರದು ಪರತಃಪ್ರಾಮಾಣ್ಯ: ಜ್ಞಾನ ಸರಿಯೆಂದು ತಿಳಿಯಲು ಬೇರೆ ಆಧಾರ ಬೇಕು. ಹಾಗಾಗಿ ದೇವರನ್ನೂ ಅನುಮಾನ ಪ್ರಮಾಣದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ಸಾಧಿಸುವ ಹೊಣೆಯನ್ನು ಅವರು ಹೊತ್ತರು. 10ನೇ ಶತಮಾನದ ಉದಯನಾಚಾರ್ಯರ 'ನ್ಯಾಯಕುಸುಮಾಂಜಲಿ' ಈ ಪ್ರಯತ್ನದ ಶಿಖರ. ಅವರಿಗೆ ಈ ತರ್ಕವೇ ಮನನರೂಪದ ಉಪಾಸನೆ. ಕಾಣದ ಕಾರಣಕ್ಕೆ ದೇವರಿಲ್ಲ ಎನ್ನುವವರಿಗೂ ಅವರಲ್ಲಿ ಉತ್ತರವಿತ್ತು: ಕಾಣಲು ಯೋಗ್ಯವಾದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. 11ನೇ ಶತಮಾನದ ಬೌದ್ಧ ಪಂಡಿತ ರತ್ನಕೀರ್ತಿ ಈ ಅನುಮಾನದ ಬುಡಕ್ಕೇ ಕೈಹಾಕಿದರು. ಮಡಕೆಗೆ ಕುಂಬಾರನಿರುವುದನ್ನು ಕಂಡಿದ್ದೇವೆ. ಬೆಟ್ಟಕ್ಕೂ ಕರ್ತನಿದ್ದಾನೆ ಎನ್ನಲು ಅಷ್ಟು ಸಾಲದು.

ಅಚ್ಚರಿಯೆಂದರೆ, ದೇವರನ್ನು ಸಾಧಿಸುವ ತರ್ಕವನ್ನು ಭಕ್ತರೂ ಒಡೆದರು. ರಾಮಾನುಜರು ಶ್ರೀಭಾಷ್ಯದಲ್ಲಿ ನೈಯಾಯಿಕರ ಅನುಮಾನವನ್ನು ಖಂಡಿಸಿ, ಬ್ರಹ್ಮವನ್ನು ತಿಳಿಸುವುದು ಶಾಸ್ತ್ರವೊಂದೇ ಎಂದರು. ಉಡುಪಿಯ ಮಧ್ವಾಚಾರ್ಯರು ಸ್ವತಃಪ್ರಾಮಾಣ್ಯವನ್ನು ಒಪ್ಪಿ, ಜ್ಞಾನದ ಸತ್ಯತ್ವವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಅರಿಯುವ ಆತ್ಮವೇ, ಎಂದರು. ಮುಂದೆ ವ್ಯಾಸತೀರ್ಥರ 'ತರ್ಕತಾಂಡವ' ನೈಯಾಯಿಕರ ಪ್ರಮಾಣವಿಚಾರವನ್ನೇ ಸವಿಸ್ತಾರವಾಗಿ ಪರೀಕ್ಷಿಸಿತು. ಒಂದೇ ಸ್ವತಃಪ್ರಾಮಾಣ್ಯವನ್ನು ನಂಬಿ ಕುಮಾರಿಲರು ಈಶ್ವರನನ್ನು ಬಿಟ್ಟರು, ಮಧ್ವರು ಹರಿಯೇ ಸರ್ವೋತ್ತಮ ಎಂದರು.

ತನ್ನದೆಂಬ ಪಕ್ಷವಿಲ್ಲದೆ ಬರೀ ಖಂಡಿಸಬಹುದೇ? ನ್ಯಾಯಸೂತ್ರ ಇಂಥ ವಾದವನ್ನು ವಿತಂಡಾ ಎಂದು ಗುರುತಿಸಿತು. ಜಯರಾಶಿ ಭಟ್ಟರ 'ತತ್ತ್ವೋಪಪ್ಲವಸಿಂಹ' ಯಾವ ಪ್ರಮಾಣವನ್ನೂ ಉಳಿಸದೆ ಈ ದಾರಿಯನ್ನು ಕೊನೆಯವರೆಗೂ ನಡೆಯಿತು. ಅದರ ಹಸ್ತಪ್ರತಿ ಗುಜರಾತಿನ ಪಾಟಣದಲ್ಲಿ 1926ರಲ್ಲಿ ಸಿಕ್ಕಿತು, 1940ರಲ್ಲಿ ಅಚ್ಚಾಯಿತು.

ಪಶ್ಚಿಮದಲ್ಲೂ ಇದೇ ಹೊಣೆಯ ಪ್ರಶ್ನೆ ಎದ್ದಿತು. ಇಂಗ್ಲೆಂಡಿನಲ್ಲಿ 1869ರಲ್ಲಿ ಥಾಮಸ್ ಹಕ್ಸ್‌ಲಿ ಗೊತ್ತಿಲ್ಲ ಎನ್ನುವ ತಮ್ಮ ನಿಲುವಿಗೆ ಅಜ್ಞೇಯತಾವಾದ ಎಂಬ ಹೆಸರು ಕೊಟ್ಟರು. ಪುರಾವೆಯಿಲ್ಲದೆ ನಂಬುವುದು ನೈತಿಕ ತಪ್ಪು ಎಂದು 1877ರಲ್ಲಿ ಚಿಂತಕ ಕ್ಲಿಫರ್ಡ್ ಸಾರಿದರೆ, ಪುರಾವೆಯಿಂದ ತೀರ್ಮಾನಿಸಲಾಗದ ಕಡೆ, ಆಯ್ಕೆ ತಪ್ಪಿಸಿಕೊಳ್ಳಲಾಗದ ಮಹತ್ವದ್ದಾಗಿದ್ದರೆ, ನಂಬುವ ಹಕ್ಕಿದೆ ಎಂದು 1896ರಲ್ಲಿ ವಿಲಿಯಂ ಜೇಮ್ಸ್ ವಾದಿಸಿದರು. 1970ರ ದಶಕದಲ್ಲಿ ಆಂಟನಿ ಫ್ಲೂ ಹೊಣೆಯನ್ನು ಆಸ್ತಿಕರ ಮೇಲಿಟ್ಟರು: ಅವರು ಸಮರ್ಥಿಸುವ ತನಕ ನಾಸ್ತಿಕತೆಯೇ ಚರ್ಚೆಯ ಆರಂಭಬಿಂದು. 1983ರಲ್ಲಿ ಆಲ್ವಿನ್ ಪ್ಲಾಂಟಿಂಗ ಇದನ್ನು ತಿರುಗಿಸಿದರು. ನೆನಪನ್ನು ನಾವು ವಾದವಿಲ್ಲದೆ ನಂಬುವಂತೆ ದೈವನಂಬಿಕೆಯೂ ಮೂಲಭೂತವಾಗಿರಬಹುದು. ಬಾಧಕ ಬಂದಾಗ ಮಾತ್ರ ಉತ್ತರಿಸಬೇಕು. ಹಾಗಾದರೆ ಎಂಥ ನಂಬಿಕೆಯನ್ನೂ ಮೂಲಭೂತ ಎನ್ನಬಹುದಲ್ಲ ಎಂಬ ಆಕ್ಷೇಪ ಇಂದಿಗೂ ಗಟ್ಟಿಯಾಗಿದೆ.

ಈ ದೀರ್ಘ ವಾದದಿಂದ ನಾನು ಕಲಿತದ್ದು ಇಷ್ಟು. ನಂಬುವ ಮೊದಲೇ ಪುರಾವೆ ಒದಗಿಸಬೇಕೆಂಬ ಷರತ್ತು ಯಾರಿಗೂ ಸಲ್ಲದು. ಪ್ರಾಮಾಣಿಕ ಆಕ್ಷೇಪಕ್ಕೆ ಉತ್ತರಿಸುವ ಹೊಣೆಯಿಂದ ಯಾರಿಗೂ ವಿನಾಯಿತಿಯಿಲ್ಲ. ದೇವರಿಲ್ಲ ಎಂಬುದು ಜಗತ್ತಿನ ಬಗೆಗಿನ ಪ್ರತಿಪಾದನೆ. ಅದಕ್ಕೂ ಕಾರಣ ಬೇಕು. ನನಗೆ ಗೊತ್ತಿಲ್ಲ ಎಂಬುದಕ್ಕೆ ಸಮರ್ಥನೆ ಬೇಡ, ಆದರೆ ಯಾರಿಗೂ ತಿಳಿಯಲಾಗದು ಎಂಬುದಕ್ಕೆ ಬೇಕು. ನಂಬಿಕೆಯಾಗಲಿ ಅಪನಂಬಿಕೆಯಾಗಲಿ, ಕಾನೂನಾಗಿ, ಪಠ್ಯವಾಗಿ, ಕಟ್ಟಳೆಯಾಗಿ ಇತರರ ಬದುಕಿಗೆ ಕೈಹಾಕಿದ ಕ್ಷಣ, ಅದನ್ನು ಒಪ್ಪದವರಿಗೂ ಅರ್ಥವಾಗುವ ಕಾರಣವನ್ನು ಕೊಡಲೇಬೇಕು.